ಒಂದೇ ದಿನದಲ್ಲಿ ನೆಟ್ಟ ನಲವತ್ತು ಗಿಡ: ವರ್ಷ ತುಂಬಿದಾಗ ಕಂಡದ್ದು

ಗಿಡ ನೆಟ್ಟ ವಾರಕ್ಕೇ ನರ್ಸರಿಯ ಬಗ್ಗೆ ಬರೆಯಬಾರದು ಅಂತ ಬೇಕೆಂದೇ ಕಾದಿದ್ದೆ. ಹೋದ ವರ್ಷ ಆರಿದ್ರಾ ಮಳೆ ಹಿಡಿದ ಎರಡನೇ ದಿನ, ಮೈಸೂರಿನ ನಮ್ಮ ಮನೆ ಮುಂದೆ ಒಂದು ನರ್ಸರಿಯವರು 40 ಗಿಡ ನೆಟ್ಟು ಹೋದರು. ಈಗ ಮತ್ತೆ ಮಳೆ ಶುರುವಾಗಿದೆ.

ಜಾಗ ದೊಡ್ಡದಲ್ಲ. ಕಾಂಪೌಂಡಿನ ಉದ್ದಕ್ಕೂ 32 ಅಡಿ, ಅಗಲ 6 ಅಡಿ. ಮಧ್ಯಾಹ್ನದವರೆಗೆ ಬಿಸಿಲು ಬೀಳುತ್ತದೆ. ಕೆಂಪು ಮಣ್ಣು, ಅದರೊಳಗೆ ಮನೆ ಕಟ್ಟಿದಾಗಿನ ಜಲ್ಲಿ, ಗಾರೆ ಚೂರು. ನಾನು ಕೇಳಿದ್ದು ಇಷ್ಟೇ: ದಿನಾ ಬೆಳಗ್ಗೆ ಪೂಜೆಗೆ ಮನೆಯಲ್ಲೇ ಹೂ ಸಿಗಬೇಕು, ಯಾವ ತಿಂಗಳೂ ಬುಟ್ಟಿ ಖಾಲಿ ಇರಬಾರದು. ಚೆಂಡು ಹೂವಿನ ಹಾಗೆ ಕೆಲವೇ ತಿಂಗಳಿಗೆ ಮುಗಿಯುವ ಗಿಡ ಬೇಡ. ಮಣ್ಣು, ಕೊಟ್ಟಿಗೆ ಗೊಬ್ಬರ, ಬೇವಿನ ಹಿಂಡಿ, ಕೂಲಿ, ಗಾಡಿ ಬಾಡಿಗೆ ಎಲ್ಲ ಸೇರಿ 14,500 ರೂಪಾಯಿ ಕೊಟ್ಟೆ.

ಗಿಡ ಆರಿಸಿದ್ದರಲ್ಲಿ ಅವರಿಗೆ ಪೂರ್ತಿ ಅಂಕ ಕೊಡುತ್ತೇನೆ. ಅಂಗಡಿಯಲ್ಲಿ ಆವತ್ತು ಹೂ ಬಿಟ್ಟಿದ್ದ ಗಿಡಗಳನ್ನೇ ತಂದು ಸುರಿಯಲಿಲ್ಲ. ದಾಸವಾಳ, ನಂದಿಬಟ್ಟಲು ಹೆಚ್ಚುಕಮ್ಮಿ ವರ್ಷವಿಡೀ ಬಿಡುತ್ತವೆ. ಬೇಸಿಗೆಗೆ ದುಂಡುಮಲ್ಲಿಗೆ. ಮಳೆಗಾಲ ಇಳಿಯುವ ಹೊತ್ತಿಗೆ ಪಾರಿಜಾತ. ಚಳಿಗೆ ಸ್ಫಟಿಕ. ಮಾವಿನ ಮರದ ಅರೆನೆರಳು ಬೀಳುವ ಮೂಲೆಗೆ ಕನಕಾಂಬರ. ಮುಂದಿನ ಸಾಲಿಗೆ ಗಿಡ್ಡ ಕೇಪಳ. ಅಕ್ಟೋಬರ್‌ನಲ್ಲಿ ಒಂದು ಬೆಳಗ್ಗೆ ಬಾಗಿಲು ತೆಗೆದೆ. ಪಾರಿಜಾತದ ಬುಡದಲ್ಲಿ ಹೂ ಚೆಲ್ಲಿತ್ತು, ಎಣಿಸಿದರೆ ಹನ್ನೊಂದು. ಅಷ್ಟು ಎಳೆಯ ಗಿಡದಲ್ಲಿ! ನಮ್ಮತ್ತೆಯನ್ನು ಎಬ್ಬಿಸಿ ಕರೆದುಕೊಂಡು ಬಂದು ತೋರಿಸಿದೆ. ದಾಸವಾಳಕ್ಕೆ ಸೂರಕ್ಕಿ ಬರುತ್ತದೆ, ಕೇಪಳದ ಮೇಲೆ ಚಿಟ್ಟೆ ಕೂರುತ್ತವೆ. ಇದನ್ನೆಲ್ಲ ನಾನು ಕೇಳಿಯೇ ಇರಲಿಲ್ಲ.

ತೊಂದರೆ ಆಗಿದ್ದು ನೆಡುವುದರಲ್ಲಿ. ಸಂಜೆಯೊಳಗೆ ಮುಗಿಸುವ ಅವಸರ. ಎರಡೇ ತಿಂಗಳಿಗೆ ಮೂರು ಕೇಪಳ ಒಣಗಿದವು. ನೀರು ಜಾಸ್ತಿಯಾಯಿತೋ ಏನೋ ಅಂತ ನೀರು ಕಡಿಮೆ ಮಾಡಿದೆ. ಉಪಯೋಗವಾಗಲಿಲ್ಲ. ಕೊನೆಗೆ ಒಂದನ್ನು ಅಗೆದು ನೋಡಿದರೆ ಬೇರಿನ ಸುತ್ತ ಕಪ್ಪು ಪ್ಲಾಸ್ಟಿಕ್ ಕವರ್ ಹಾಗೇ ಇತ್ತು! ಉಳಿದೆರಡಕ್ಕೂ ಅದೇ ಗತಿ. ಬೇರು ಒಳಗೇ ಸುತ್ತಿ ಸುತ್ತಿ ಉಂಡೆಯಾಗಿತ್ತು. ನನಗೆ ನಿಜಕ್ಕೂ ಅಳು ಬಂತು. ಫೋನ್ ಮಾಡಿದೆ. ಮಾಲೀಕರು ವಾದ ಮಾಡಲಿಲ್ಲ. ಭಾನುವಾರ ತಾವೇ ಬಂದು, ಅನುಮಾನ ಇದ್ದ ಪ್ರತಿ ಗಿಡದ ಬುಡ ಬಿಡಿಸಿ ನೋಡಿ, ಮೂರು ಹೊಸ ಕೇಪಳ ದುಡ್ಡಿಲ್ಲದೆ ನೆಟ್ಟು ಹೋದರು.

ಇನ್ನೊಂದು ತಪ್ಪು ನಿಧಾನಕ್ಕೆ ಗೊತ್ತಾಯಿತು. ಆವತ್ತೇ ತೋಟ ತುಂಬಿದ ಹಾಗೆ ಕಾಣಲಿ ಅಂತ ಎಲ್ಲವನ್ನೂ ಒಂದೂವರೆ ಅಡಿಗೊಂದರಂತೆ ನೆಟ್ಟಿದ್ದರು. ಕನಕಾಂಬರಕ್ಕೆ ಅದು ಸಾಕು. ದಾಸವಾಳಕ್ಕೆ ಕನಿಷ್ಠ ನಾಲ್ಕು ಅಡಿ ಬೇಡವೇ? ಫೆಬ್ರವರಿ ಹೊತ್ತಿಗೆ ದಾಸವಾಳ, ನಂದಿಬಟ್ಟಲು ಒಂದರೊಳಗೊಂದು ಹೆಣೆದುಕೊಂಡವು. ಗಾಳಿ ಆಡದೆ ದಾಸವಾಳದ ಕುಡಿಗೆ ಹಿಟ್ಟುತಿಗಣೆ ಹತ್ತಿತು. ಹತ್ತಿದ ಕುಡಿಗಳನ್ನು ಕತ್ತರಿಸಿ ಹಾಕಿದೆ. ಲೀಟರ್ ನೀರಿಗೆ 5 ಮಿಲಿ ಬೇವಿನೆಣ್ಣೆ, ಸ್ವಲ್ಪ ಸೋಪಿನ ನೀರು ಬೆರೆಸಿ ವಾರಕ್ಕೊಮ್ಮೆ ಹೊಡೆದೆ. ಈ ಮಳೆಗೆ ಎರಡು ದಾಸವಾಳ ಕಿತ್ತು ಹಿತ್ತಲಿಗೆ ಹಾಕುತ್ತೇನೆ. ಗಿಡ ಕೊಳ್ಳುವಾಗ ದಯವಿಟ್ಟು ಒಂದು ಮಾತು ಕೇಳಿ: ಇದು ಬೆಳೆದರೆ ಎಷ್ಟು ಅಗಲ ಆಗುತ್ತದೆ? ಮೊದಲ ವರ್ಷ ನಡುವೆ ಖಾಲಿ ಮಣ್ಣು ಕಂಡರೆ ಕಾಣಲಿ ಬಿಡಿ, ಅಲ್ಲಿ ಒಣ ಎಲೆ ಹರಡಿ.

ಎರಡು ಜಾತಿಯ ಗಿಡ ನಾನೇ ಬೇಡ ಅಂದೆ. ಒಂದು ಕಣಗಿಲೆ. ಹೂ ಚೆನ್ನ, ಆದರೆ ಎಲೆಯಿಂದ ಬೇರಿನವರೆಗೆ ವಿಷ. ಮನೆಯಲ್ಲಿ ಎರಡು ವರ್ಷದ ಮೊಮ್ಮಗಳಿದ್ದಾಳೆ. ಅವರೇ ಮೊದಲು ಹೇಳಬೇಕಿತ್ತು ಅಲ್ವಾ? ಇನ್ನೊಂದು ಲಂಟಾನ. ಬಂಡೀಪುರದ ದಾರಿಯಲ್ಲಿ ಹೋದವರು ನೋಡಿರುತ್ತೀರಿ, ಕಾಡಿನ ಮರಗಳ ಕೆಳಗೆಲ್ಲ ಅದೇ ಪೊದೆ, ಹುಲ್ಲಿಗೆ ಜಾಗವಿಲ್ಲ. ಹಕ್ಕಿಗಳು ಹಣ್ಣು ತಿಂದು ಬೀಜ ಎಲ್ಲೆಂದರಲ್ಲಿ ಹಾಕುತ್ತವೆ. ಅಂಥದ್ದನ್ನು ನನ್ನ ಕೈಯಾರೆ ನೆಡಲಾರೆ. ಅವುಗಳ ಬದಲು ನೀಲಿ ಪ್ಲಂಬಾಗೋ ಕೊಟ್ಟರು. ಈಗ ಇಡೀ ಸಾಲಿನಲ್ಲಿ ಅದೇ ಚೆಂದ.

ಅವರ ಜೊತೆ ಬಂದಿದ್ದ ವಯಸ್ಸಾದ ಮಾಲಿಯೊಬ್ಬರನ್ನು ಮರೆಯಲಾರೆ. "ಅಮ್ಮಾವ್ರೇ, ಈ ಮೂಲೇಲಿ ಬಿಸಿಲು ಎಷ್ಟೊತ್ತು ನಿಲ್ಲುತ್ತೆ?" ಅಂತ ಗುದ್ದಲಿ ಹಾಕುವ ಮೊದಲು ಕೇಳಿದ್ದು ಅವರೊಬ್ಬರೇ. ಅವರು ನೆಟ್ಟ ಆರು ಕನಕಾಂಬರದಲ್ಲಿ ಆರೂ ಬದುಕಿವೆ.

ಗಿಡಕ್ಕೆ ಐದಕ್ಕೆ ಐದು, ನೆಟ್ಟ ಕೆಲಸಕ್ಕೆ ಎರಡು. ಹಿತ್ತಲಿಗೂ ಅಲ್ಲಿಂದಲೇ ಹತ್ತು ಗಿಡ ಹೇಳಿದ್ದೇನೆ. ಆ ಮಾಲಿಯನ್ನೇ ಕಳಿಸಿ ಅಂದಿದ್ದೇನೆ. ಕವರ್ ಬಿಚ್ಚುವಾಗ ನಾನೂ ಪಕ್ಕದಲ್ಲೇ ಇರುತ್ತೇನೆ.