ಹಳೇ ಗಾಡಿಯವರೇ, ಘಾಟಿ ಹತ್ತುವ ಮೊದಲು ಕಾರ್ಬ್ಯುರೇಟರ್ ಅಡಿಯ ಬೇಕಲೈಟ್ ಉಂಟಾ ನೋಡಿ

ಕಾರ್ಬ್ಯುರೇಟರ್ (ಪೆಟ್ರೋಲಿಗೆ ಗಾಳಿ ಬೆರೆಸಿ ಇಂಜಿನಿಗೆ ಕೊಡುವ ಭಾಗ) ಇರುವ ಗಾಡಿ ಇಟ್ಕೊಂಡವ್ರು, ಅದ್ರಲ್ಲೂ ಈಗಷ್ಟೇ ಇಂಜಿನ್ ಕೆಲಸ ಮಾಡಿಸಿದವ್ರು ದಯವಿಟ್ಟು ಓದಿ. ನಮ್ಮದು 1489 ಸಿಸಿ ಪೆಟ್ರೋಲ್ ಅಂಬಾಸಿಡರ್. ಉಡುಪಿಯ ಒಂದು ಗ್ಯಾರೇಜಲ್ಲಿ ಹೆಡ್ ಗ್ಯಾಸ್ಕೆಟ್ (ಇಂಜಿನ್ ಹೆಡ್ಡಿನ ಅಡಿಯ ಪ್ಯಾಕಿಂಗ್) ಹಾಕಿಸಿ ಅಮ್ಮನನ್ನ ಕೂರಿಸ್ಕೊಂಡು ಆಗುಂಬೆ ಹತ್ತುವಾಗ, ಏಪ್ರಿಲ್ ಸೆಖೆ ಬೇರೆ, ಸೋಮೇಶ್ವರ ದಾಟಿ ತಿರುವು ಶುರುವಾದದ್ದೇ ಗಾಡಿ ಜಗ್ಗಿ ಜಗ್ಗಿ ನಿಂತೇಬಿಟ್ಟಿತು, ಹಿಂದೆ ಬಸ್ಸು, ಚಕ್ರಕ್ಕೆ ಕಲ್ಲು ಕೊಟ್ಟು ಬಾನೆಟ್ ಎತ್ತಿದ್ರೆ ಪೆಟ್ರೋಲ್ ವಾಸನೆ, ಪೆಟ್ರೋಲ್ ಫಿಲ್ಟರಲ್ಲಿ ಬರೀ ಗುಳ್ಳೆ.

ಆಗಿದ್ದು ಎಂತ ಅಂದ್ರೆ, ಕಾರ್ಬ್ಯುರೇಟರಿಗೂ ಮ್ಯಾನಿಫೋಲ್ಡಿಗೂ (ಅದ್ರಿಂದ ಇಂಜಿನ್ ಒಳಗೆ ಹೋಗುವ ಕೊಳವೆ) ನಡುವೆ ಇರ್ಬೇಕಾದ ದಪ್ಪ ಬೇಕಲೈಟ್ ತುಂಡನ್ನ, ಅಂದ್ರೆ ಶಾಖ ತಡೆಯುವ ಗಟ್ಟಿ ಪ್ಲಾಸ್ಟಿಕ್ಕನ್ನ, ವಾಪಸ್ ಹಾಕ್ಲೇ ಇಲ್ಲ ಗ್ಯಾರೇಜಿನವ್ರು, ಪೇಪರ್ ಪ್ಯಾಕಿಂಗ್ ಮಾತ್ರ. ಶಾಖ ತಡೆಯುವ ತಗಡೂ ಇಲ್ಲ, ಪೆಟ್ರೋಲ್ ಪೈಪ್ ಎಕ್ಸಾಸ್ಟಿಗೆ (ಬಿಸಿ ಹೊಗೆ ಹೋಗುವ ಕೊಳವೆ) ತಾಗುವ ಹಾಗೆ ಬಿದ್ದಿತ್ತು. ಕೇಳಿದ್ರೆ "ಅದು ಇಲ್ಲದಿದ್ರೂ ನಡೀತದೆ" ಅಂತಾರೆ! ಈ ಇಂಜಿನಲ್ಲಿ ಕಾರ್ಬ್ಯುರೇಟರೂ ಎಕ್ಸಾಸ್ಟೂ ಒಂದೇ ಬದಿಯಲ್ಲಿ ಉಂಟು ಮಾರಾಯ್ರೆ, ಪೆಟ್ರೋಲಿನ ಹಗುರ ಅಂಶ 40 ಡಿಗ್ರಿ ಆಸುಪಾಸಲ್ಲೇ ಕುದೀಲಿಕ್ಕೆ ಶುರು, ಅದ್ರ ಮೇಲೆ ಪಂಪ್ ಟ್ಯಾಂಕಿಂದ ಪೆಟ್ರೋಲ್ ಎಳೀವಾಗ ಪೈಪಲ್ಲಿ ಒತ್ತಡ ಕಮ್ಮಿಯಾಗಿ ಇನ್ನೂ ಬೇಗ ಕುದೀತದೆ, ಆವಿ ತುಂಬಿದ್ರೆ ಪಂಪಿಗೆ ಎಳೀಲಿಕ್ಕೆ ಆಗುದಿಲ್ಲ. ಬಿಸಿ ಗಾಡಿ ಆಫ್ ಮಾಡಿದ ಮೇಲೂ ಸ್ವಲ್ಪ ಹೊತ್ತು ಬಾನೆಟ್ ಒಳಗೆ ಬಿಸಿ ಏರ್ತಾನೇ ಇರ್ತದೆ, ಯಾಕಂದ್ರೆ ಫ್ಯಾನೂ ಇಲ್ಲ ನೀರೂ ತಿರುಗುದಿಲ್ಲ. ಚಾ ಕುಡಿದು ಬಂದು ಸೆಲ್ಫ್ ಹೊಡೆದ್ರೆ ಸ್ಟಾರ್ಟ್ ಆಗದ್ದು ಅದಕ್ಕೇ.

ನಿಂತು ಹೋಗುದು ಸಣ್ಣ ವಿಷಯ, ನನಗೆ ನಿಜವಾಗಿ ಹೆದರಿಕೆ ಆದದ್ದು ಬೆಂಕಿಯದ್ದು. ಈಗ ಬರುವ 20% ಎಥನಾಲ್ ಪೆಟ್ರೋಲಿಗೆ ಹಳೇ ರಬ್ಬರ್ ಪೈಪ್ ಉಬ್ಬಿ ಬಿರುಕು ಬಿಡ್ತದೆ, ಅದು ಎಕ್ಸಾಸ್ಟ್ ಮೇಲೆ ಸೋರಿದ್ರೆ ಗತಿ ಏನು?

ಇನ್ನೊಂದು, ಆ ಹೊತ್ತಿಗೆ ಯಾರೋ ಒಳ್ಳೇ ಮನಸ್ಸಿಂದ್ಲೇ ಬಾಟ್ಲಿ ನೀರು ತಂದು ಇಂಜಿನ್ ಮೇಲೆ ಸುರಿಲಿಕ್ಕೆ ಹೊರಟ್ರು. ಬೇಡ, ತಣ್ಣೀರು ಬಿದ್ರೆ ಇಂಜಿನಿನ ಕಾದ ಬೀಡು ಕಬ್ಬಿಣ ಸೀಳ್ಬಹುದು. ಬಾನೆಟ್ ತೆರೆದಿಟ್ಟು ಪಂಪ್ ಮೇಲೆ ಒದ್ದೆ ಬಟ್ಟೆ ಇಟ್ಟು ಕಾಯಿರಿ ಅಷ್ಟೆ.

ಬೇಕಲೈಟ್ ಸಿಗ್ಲಿಲ್ಲ ಅಂತ ಲೇತಲ್ಲಿ ಅಲ್ಯುಮಿನಿಯಂ ತುಂಡು ಮಾಡಿಸ್ಬೇಡಿ, ಅದು ಶಾಖವನ್ನ ನೇರ ಮೇಲೆ ಕಳಿಸ್ತದೆ. ಎಲೆಕ್ಟ್ರಿಕ್ ಪಂಪ್ ಹಾಕಿಸುದಾದ್ರೆ ಟ್ಯಾಂಕ್ ಹತ್ರ, ಕಾರ್ಬ್ಯುರೇಟರಿಗೆ ಅಂತ್ಲೇ ಇರುವ ಕಮ್ಮಿ ಒತ್ತಡದ್ದು. ಕಾರ್ಬ್ಯುರೇಟರ್ ಇಲ್ಲದ ಇಂಜೆಕ್ಷನ್ ಗಾಡಿಯ ಜಾಸ್ತಿ ಒತ್ತಡದ ಪಂಪ್ ಹಾಕಿದ್ರೆ ಪೆಟ್ರೋಲ್ ಉಕ್ಕಿ ಹೊರಗೆ ಬರ್ತದೆ. ಎಕ್ಸಾಸ್ಟಿಗೆ ಶಾಖ ತಡೆಯುವ ಬಟ್ಟೆ ಸುತ್ತುದು ನಮ್ಮ ಕರಾವಳಿಗೆ ಆಗುದಿಲ್ಲ, ತೇವ ಹಿಡಿದು ತುಕ್ಕು ತಿಂತದೆ. ಗ್ಯಾರೇಜಿಗೆ ಬಿಡುವ ಮೊದಲು ಬಾನೆಟ್ ಒಳಗಿನ ಫೋಟೋ ತೆಗೆದಿಡಿ, ತರುವಾಗ ಅದನ್ನ ಎದುರಿಗಿಟ್ಟು ಒಂದೊಂದೇ ತೋರಿಸ್ಲಿಕ್ಕೆ ಹೇಳಿ.