ಚಕ್ಕುಲಿಯನ್ನೂ ಬಿಡದ ಬೈಗುಳ ಫಿಲ್ಟರ್‌ಗಳು: ಯಾವುದು ಕೆಲಸಕ್ಕೆ ಬರುತ್ತದೆ?

ಟ್ರಾನ್ಸ್‌ಜೆಂಡರ್ ಸಮುದಾಯವನ್ನು ಹೀಯಾಳಿಸಲು ಬಳಸುವ 'ಚಕ್ಕ' ಎಂಬ ಪದವನ್ನು ಬ್ಲಾಕ್ ಪಟ್ಟಿಗೆ ಹಾಕಿ ನೋಡಿ. ಅಕ್ಷರಗಳ ಸಾಲು ಎಲ್ಲಿ ಸಿಕ್ಕರೂ ಹಿಡಿಯುವ ಫಿಲ್ಟರ್ ಆದರೆ ಚಕ್ಕುಲಿ, ಚಕ್ಕೆ-ಲವಂಗ ಎಲ್ಲವೂ ಒಟ್ಟಿಗೆ ಮಾಯ. ಕನ್ನಡದಲ್ಲಿ 'ಕ್ಕು' ಮತ್ತು 'ಕ್ಕೆ' ನಮ್ಮ ಕಣ್ಣಿಗೆ ಬೇರೆ ಅಕ್ಷರಗಳು. ಯಂತ್ರಕ್ಕೆ ಮಾತ್ರ ಅವು 'ಕ್ಕ'ದ ಹಿಂದೆ ಅಂಟಿದ ಒಂದೊಂದು ಸ್ವರಚಿಹ್ನೆ ಅಷ್ಟೇ. ಹಬ್ಬದ ತಿಂಡಿ ಮಾಯವಾದರೆ ನಕ್ಕು ಸುಮ್ಮನಾಗಬಹುದು. ಒಂದು ಸಮುದಾಯ ತನ್ನ ಮೇಲೆ ಎಸೆದ ಪದವನ್ನೇ ಹೆಕ್ಕಿಕೊಂಡು ತಲೆ ಎತ್ತಿ ಹೇಳಿದ ಮಾತು ಮಾಯವಾದರೆ ನಗುವಂತಿಲ್ಲ.

ಬೆಂಗಳೂರಿನಲ್ಲಿ ದಲಿತ ವಿದ್ಯಾರ್ಥಿ ಗುಂಪುಗಳ ಪೇಜ್, ಈಶಾನ್ಯ ರಾಜ್ಯದವರ ಸಂಘಗಳ ಪೇಜ್, ಕನ್ನಡದ ಸಣ್ಣ ಯೂಟ್ಯೂಬ್ ಚಾನೆಲ್ ನೋಡಿಕೊಳ್ಳುವ ಅಡ್ಮಿನ್‌ಗಳ ಕೈಗೆ ಸಿಗುವುದು ಹೆಚ್ಚೆಂದರೆ ನಾಲ್ಕು ಸಾಧನ: ಯೂಟ್ಯೂಬ್ ಸ್ಟುಡಿಯೋದ 'ಬ್ಲಾಕ್ಡ್ ವರ್ಡ್ಸ್', ಇನ್‌ಸ್ಟಾಗ್ರಾಂನ 'ಹಿಡನ್ ವರ್ಡ್ಸ್', ಫೇಸ್‌ಬುಕ್ ಪೇಜಿನ ಕೀವರ್ಡ್ ಪಟ್ಟಿ, ಮತ್ತು 'ಉಳಿ' ಎಂಬ ಬ್ರೌಸರ್ ಪ್ಲಗ್‌ಇನ್. ಇಲ್ಲಿ ಅಳತೆಗೋಲು ಒಂದೇ. ಬೈಯುವವನ ಬಾಯಿ ಮುಚ್ಚುವಾಗ ಬೈಸಿಕೊಂಡವರ ಬಾಯಿಯನ್ನೂ ಮುಚ್ಚುತ್ತದೆಯೋ ಇಲ್ಲವೋ?

ಪದವೊಂದು ಬೈಗುಳವೋ ಬಿರುದೋ ಎಂಬುದು ಯಾರು ಆಡಿದರು ಎನ್ನುವುದರ ಮೇಲೆ ನಿಂತಿದೆ. ಸಿದ್ದಲಿಂಗಯ್ಯನವರ 1975ರ ಕವನ ಸಂಕಲನದ ಹೆಸರೇ 'ಹೊಲೆಮಾದಿಗರ ಹಾಡು'. 1994ರಲ್ಲಿ ಆಂಧ್ರದಲ್ಲಿ ಶುರುವಾದ ಮಾದಿಗ ದಂಡೋರ ಚಳವಳಿಯಲ್ಲಿ ಕಾರ್ಯಕರ್ತರು ಜಾತಿಯ ಹೆಸರನ್ನು ತಮ್ಮ ಹೆಸರಿನ ಕೊನೆಗೇ ಬರೆದುಕೊಂಡರು. 2025ರ ಪದ್ಮಶ್ರೀ ಪಟ್ಟಿಯಲ್ಲಿ ಆ ಚಳವಳಿಯ ನಾಯಕರ ಹೆಸರು ಮಂದ ಕೃಷ್ಣ ಮಾದಿಗ ಎಂದೇ ಬಂತು. ಅಮೆರಿಕದಲ್ಲಿ ಏಷ್ಯನ್ ಮೂಲದವರ ಕಣ್ಣನ್ನು ಹೀಯಾಳಿಸುವ ಪದವನ್ನೇ 'ದಿ ಸ್ಲ್ಯಾಂಟ್ಸ್' ಎಂದು ಹೆಸರಿಟ್ಟುಕೊಂಡ ಏಷ್ಯನ್-ಅಮೆರಿಕನ್ ಬ್ಯಾಂಡ್‌ಗೆ ಟ್ರೇಡ್‌ಮಾರ್ಕ್ ಕೊಡಲು ಕಚೇರಿ ಒಪ್ಪಲಿಲ್ಲ. ಆ ನಿರಾಕರಣೆಗೆ ಆಧಾರವಾಗಿದ್ದ ಕಾನೂನಿನ ಅಂಶವನ್ನೇ ಅಲ್ಲಿನ ಸುಪ್ರೀಂ ಕೋರ್ಟ್ 2017ರಲ್ಲಿ ಹೊಡೆದುಹಾಕಿತು.

ನಮ್ಮ ಕಾನೂನಿಗೂ ಇದು ಗೊತ್ತು. 1989ರ ದೌರ್ಜನ್ಯ ತಡೆ ಕಾಯ್ದೆಯ 3(1)ನೇ ಕಲಂ ಶುರುವಾಗುವುದೇ 'ಪರಿಶಿಷ್ಟ ಜಾತಿ ಅಥವಾ ಪಂಗಡಕ್ಕೆ ಸೇರದ ಯಾರೇ ಆಗಲಿ' ಎಂಬ ಅರ್ಥದ ಮಾತಿನಿಂದ. ಆಡಿದವರು ಯಾರು ಎಂದು ಕೇಳಿದ ಮೇಲೆಯೇ ಏನು ಆಡಿದರು ಎಂಬ ಪ್ರಶ್ನೆ. 2008ರ ಸ್ವರಣ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 'ಚಮಾರ್' ಪದದ ವ್ಯುತ್ಪತ್ತಿಗಿಂತ ಅದು ಇಂದು ಜನರ ಬಾಯಲ್ಲಿ ಯಾವ ಅರ್ಥದಲ್ಲಿ ಬಳಕೆಯಾಗುತ್ತಿದೆ ಎಂಬುದನ್ನು ಮುಖ್ಯವಾಗಿ ನೋಡಿತು. ಫಿಲ್ಟರ್‌ಗಳಿಗೆ ಈ ಎರಡೂ ಬುದ್ಧಿ ಇಲ್ಲ.

ಇದ್ದುದರಲ್ಲಿ ಹತ್ತಿರ ಬರುವುದು ಯೂಟ್ಯೂಬ್. ಬ್ಲಾಕ್ ಪಟ್ಟಿಯ ಪದವಿರುವ ಕಾಮೆಂಟ್ ನೇರವಾಗಿ ಪ್ರಕಟವಾಗದೆ ಪರಿಶೀಲನೆಗೆ ನಿಲ್ಲುತ್ತದೆ. ಜತೆಗೇ 'ಅಪ್ರೂವ್ಡ್ ಯೂಸರ್ಸ್' ಎಂಬ ಇನ್ನೊಂದು ಪಟ್ಟಿ ಇದೆ. ಅದರಲ್ಲಿರುವವರ ಕಾಮೆಂಟ್‌ಗೆ ಪದದ ತಡೆ ತಾಗುವುದಿಲ್ಲ. ಚಾನೆಲ್‌ನ ಕವಿಗಳು, ಹಾಡುಗಾರರು, ಸಂಘಟನೆಯ ಹಳಬರನ್ನು ಮೊದಲು ಅಲ್ಲಿ ಸೇರಿಸಿ, ಆಮೇಲೆ ಪದಗಳ ಪಟ್ಟಿ ತುಂಬಿ. ತುಂಬ ಜನ ಈ ಕ್ರಮವನ್ನೇ ತಿರುಗುಮುರುಗು ಮಾಡುತ್ತಾರೆ, ಮೊದಲ ವಾರ ನಮ್ಮವರ ಮಾತೇ ಸಾಲಾಗಿ ತಡೆಯಲ್ಲಿ ಕೂತಿರುತ್ತದೆ. ಲೈವ್ ಚಾಟ್‌ಗೆ ಇನ್ನೂ ಎಚ್ಚರ ಬೇಕು, ಅಲ್ಲಿ ಮಾತು ಹರಿದುಹೋಗುವ ವೇಗಕ್ಕೆ ಆಮೇಲೆ ನೋಡೋಣ ಎಂಬುದು ನಡೆಯುವುದಿಲ್ಲ. ನಂಬಿಕೆಯ ಒಬ್ಬರನ್ನು ಮಾಡರೇಟರ್ ಮಾಡಿ ಕೂರಿಸಿ.

ಇನ್‌ಸ್ಟಾಗ್ರಾಂನಲ್ಲಿ ಪದಗಳನ್ನು ಅಲ್ಪವಿರಾಮ ಹಾಕಿ ತುಂಬಬಹುದು, ಇಮೋಜಿಯೂ ನಡೆಯುತ್ತದೆ. ಖಾಸಗಿ ಮೆಸೇಜ್‌ನಲ್ಲಿ ಬರುವ ಕೊಳಕಿಗೆ ಇದೇ ಒಳ್ಳೆಯ ಮದ್ದು. ಫೇಸ್‌ಬುಕ್ ಪೇಜಿನ ಪಟ್ಟಿ ಒರಟು. ಅಡಗಿಸಿದ ಕಾಮೆಂಟ್ ಬರೆದವನಿಗೂ ಅವನ ಸ್ನೇಹಿತರಿಗೂ ಕಾಣುತ್ತಲೇ ಇರುತ್ತದೆ, ಅವನು ತಾನು ಗೆದ್ದೆ ಎಂದುಕೊಂಡೇ ಇರುತ್ತಾನೆ.

'ಉಳಿ'ಯನ್ನು ಬೆಂಗಳೂರಿನ ಸೆಂಟರ್ ಫಾರ್ ಇಂಟರ್ನೆಟ್ ಅಂಡ್ ಸೊಸೈಟಿ ಮತ್ತು ಟ್ಯಾಟಲ್ ಎಂಬ ಸಂಸ್ಥೆ ಸೇರಿ ಕಟ್ಟಿದವು. ತಮಿಳಿನಲ್ಲೂ ನಮ್ಮಲ್ಲೂ ಉಳಿ ಎಂದರೆ ಕೆತ್ತುವ ಉಳಿಯೇ. ಇದು ಪೋಸ್ಟನ್ನು ಅಳಿಸುವುದಿಲ್ಲ, ನಿಮ್ಮ ಪರದೆಯ ಮೇಲೆ ಮಾತ್ರ ಪದವನ್ನು ಮುಚ್ಚುತ್ತದೆ. ಇದರ ಹಿಂದಿನ ಕೆಲಸ ಮೆಚ್ಚುವಂಥದ್ದು: ಪೋಸ್ಟ್‌ಗಳನ್ನು ಗುರುತಿಸುವಾಗ, ಇದೇ ಮಾತು ಅಂಚಿನ ಲಿಂಗ-ಲೈಂಗಿಕತೆಯವರ ಮೇಲೆ ಬಂದರೆ ನಿಂದನೆಯೇ, ಬೇರೆಯವರ ಮೇಲೆ ಬಂದರೆ ನಿಂದನೆಯೇ ಎಂದು ಎರಡು ಸಲ ಬೇರೆಬೇರೆಯಾಗಿ ಕೇಳಿದ್ದಾರೆ. ಬೈಗುಳಗಳನ್ನು ಕಲೆಹಾಕುವಾಗ ಸಮುದಾಯವೇ ಅದನ್ನು ತನ್ನದಾಗಿಸಿಕೊಂಡಿದೆಯೇ ಎಂದು ಬರೆದಿಡಲೂ ಜಾಗ ಇಟ್ಟಿದ್ದಾರೆ. ಕೊರತೆ ಎಂದರೆ, ಕಟ್ಟಿದ್ದು ಹಿಂದಿ, ತಮಿಳು, ಭಾರತೀಯ ಇಂಗ್ಲಿಷ್‌ಗಾಗಿ. ಮನೆ ಬೆಂಗಳೂರಿನಲ್ಲಿದ್ದೂ ಕನ್ನಡ ಹೊರಗೆ ನಿಂತಿದೆ. ಕನ್ನಡ ಪದಗಳು ಬೇಕಾದವರು ಪ್ಲಗ್‌ಇನ್‌ನ ಆಯ್ಕೆಗಳಲ್ಲಿ ತಮ್ಮದೇ ಪಟ್ಟಿ ಬರೆದುಕೊಳ್ಳಬೇಕು.

ಬರೆಯುವಾಗಲೇ ಕನ್ನಡ ಕೈಕೊಡುತ್ತದೆ. ವಿಭಕ್ತಿ ಹತ್ತಿಕೊಂಡರೆ ಪದದ ಬಾಲ ಬದಲಾಗುತ್ತದೆ. ಇಡೀ ಪದ ಹೊಂದಿದರೆ ಮಾತ್ರ ಹಿಡಿಯುವ ಫಿಲ್ಟರ್‌ಗೆ ಏಕವಚನ, ಬಹುವಚನ, ಷಷ್ಠಿ, ಚತುರ್ಥಿ ಎಂದು ಒಂದೊಂದು ಪದಕ್ಕೆ ಹತ್ತು-ಹನ್ನೆರಡು ರೂಪ ಕೊಡಬೇಕು. ಜತೆಗೆ ರೋಮನ್ ಲಿಪಿಯಲ್ಲಿ ಜನ ಟೈಪ್ ಮಾಡುವ ಮೂರು-ನಾಲ್ಕು ಕಾಗುಣಿತ. 'ಹೊ' ಎಂಬ ಅಕ್ಷರದ ಒತ್ವವನ್ನು ಯೂನಿಕೋಡ್‌ನಲ್ಲಿ ಒಂದೇ ಸಂಕೇತವಾಗಿಯೂ ಬರೆಯಬಹುದು, ಎತ್ವಕ್ಕೆ ಊತ್ವ ಸೇರಿಸಿ ಎರಡಾಗಿಯೂ ಬರೆಯಬಹುದು. ಪರದೆಯ ಮೇಲೆ ಎರಡೂ ಒಂದೇ ಥರ. ಹೋಲಿಸುವ ಮೊದಲು ಪಠ್ಯವನ್ನು ಒಂದೇ ರೂಪಕ್ಕೆ ತರದ ಸಾಧನಕ್ಕೆ ಅವು ಎರಡು ಬೇರೆ ಪದ. ಪ್ಲಗ್‌ಇನ್ ಬರೆಯುವವರಿಗೆ ಇನ್ನೊಂದು ಮಾತು: ಜಾವಾಸ್ಕ್ರಿಪ್ಟ್‌ನಲ್ಲಿ ಪದದ ಗಡಿ ಗುರುತಿಸುವ ರೂಢಿಯ ಚಿಹ್ನೆಗೆ ಕನ್ನಡ ಅಕ್ಷರವೇ ಗೊತ್ತಿಲ್ಲ. ಯೂನಿಕೋಡ್ ಅಕ್ಷರವರ್ಗ ಬಳಸಿ, ಸ್ವರಚಿಹ್ನೆಗಳ ವರ್ಗವನ್ನೂ ಸೇರಿಸಿ. ಅದೊಂದನ್ನು ಮರೆತರೆ ಮತ್ತೆ ಚಕ್ಕುಲಿ.

ಪಟ್ಟಿಗೆ ಯಾವ ಪದ ಹಾಕಬೇಕು? 'ಹೊಲೆಯ', 'ಮಾದಿಗ' ಎರಡನ್ನೂ ಹಾಕಬೇಡಿ. ಬೈಯಲು ಬಳಸುತ್ತಾರೆ, ನಿಜ. ಆದರೆ ಅವು ರಾಜ್ಯದ ಪರಿಶಿಷ್ಟ ಜಾತಿ ಪಟ್ಟಿಯಲ್ಲಿರುವ ಹೆಸರುಗಳು. 2024ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಪರಿಶಿಷ್ಟ ಜಾತಿಗಳೊಳಗಿನ ಉಪವರ್ಗೀಕರಣಕ್ಕೆ ಒಪ್ಪಿದ ಮೇಲೆ, 2025ರಲ್ಲಿ ನಾಗಮೋಹನ ದಾಸ್ ಆಯೋಗದ ವರದಿ ಬಂದ ಮೇಲೆ, ಒಳಮೀಸಲಾತಿಯ ಚರ್ಚೆಯನ್ನು ಈ ಎರಡು ಪದ ಬಿಟ್ಟು ಮಾಡಲಾಗದು. ಹಾಕಬೇಕಾದದ್ದು ಪದಪುಂಜಗಳನ್ನು: ಜಾತಿಯ ಹೆಸರಿನ ಜತೆ ಏಕವಚನದ 'ಲೇ', 'ನನ್ಮಗ', 'ಬುದ್ಧಿ' ಸೇರಿದ ರೂಪಗಳನ್ನು. 'ಊರಿದ್ದ ಮೇಲೆ ಹೊಲಗೇರಿ' ಎಂಬ ಗಾದೆಯನ್ನೂ ಸೇರಿಸಿ. 2023ರ ಆಗಸ್ಟ್‌ನಲ್ಲಿ ನಟರೊಬ್ಬರು ಲೈವ್‌ನಲ್ಲಿ ಆಡಿ ಬೆಂಗಳೂರಿನಲ್ಲಿ ಎಫ್‌ಐಆರ್‌ವರೆಗೆ ಹೋದದ್ದು ಇದೇ ಗಾದೆ. 'ಹೊಲೆಯ' ಎಂದು ಪಟ್ಟಿ ಮಾಡಿದ ಫಿಲ್ಟರ್‌ಗೆ 'ಹೊಲಗೇರಿ' ಕಾಣುವುದೇ ಇಲ್ಲ. ಮೀಸಲಾತಿ ಪಡೆದವರನ್ನು ಚುಚ್ಚುವ 'ಸರ್ಕಾರಿ ಅಳಿಯಂದಿರು' ಎಂಬಂಥ, ಬೈಗುಳದ ಪದವೇ ಇಲ್ಲದ ಕುಹಕಗಳನ್ನಂತೂ ಯಾವ ಪಟ್ಟಿಯೂ ಪೂರ್ತಿ ಹಿಡಿಯದು, ಅದಕ್ಕೆ ಮನುಷ್ಯರೇ ಬೇಕು.

ಈಶಾನ್ಯದವರನ್ನು ಹೀಯಾಳಿಸುವ 'ಚಿಂಕಿ' ಬೇರೆ ಲೆಕ್ಕ. ಅದಕ್ಕೆ ಪಟ್ಟಿಯಲ್ಲಿ, ದಾಖಲೆಯಲ್ಲಿ, ಹೋರಾಟದ ಬ್ಯಾನರಿನಲ್ಲಿ ನಿಂತ ಇನ್ನೊಂದು ಅರ್ಥವಿಲ್ಲ. ಸ್ನೇಹಿತರ ನಡುವೆ ಅವರವರೇ ತಮಾಷೆಗೆ ಅಂದುಕೊಂಡರೆ ಅದು ಅವರ ಮನೆಯೊಳಗಿನ ಮಾತು. ಪೇಜಿನಲ್ಲಿ ಪೂರ್ತಿ ತಡೆಯಿರಿ, ಬೇಕಾದವರನ್ನು ಅಪ್ರೂವ್ಡ್ ಪಟ್ಟಿಗೆ ಹಾಕಿ. 2012ರಲ್ಲಿ ಕೇಂದ್ರ ಗೃಹ ಸಚಿವಾಲಯ ಇಂಥ ನಿಂದನೆಗೆ ದೌರ್ಜನ್ಯ ತಡೆ ಕಾಯ್ದೆ ಬಳಸುವಂತೆ ರಾಜ್ಯಗಳಿಗೆ ತಿಳಿಸಿತ್ತು. ಆದರೆ ಆ ಕಾಯ್ದೆ ಸಿಗುವುದು ಪರಿಶಿಷ್ಟ ಜಾತಿ, ಪಂಗಡದವರಿಗೆ. ಮಣಿಪುರದ ಮೈತೇಯಿಯರು ಪರಿಶಿಷ್ಟ ಪಂಗಡದ ಪಟ್ಟಿಯಲ್ಲಿಲ್ಲ, ಬೈಯುವವನು ಮಾತ್ರ ಮುಖ ನೋಡಿಯೇ ಬೈಯುತ್ತಾನೆ. ಈಶಾನ್ಯದವರ ಸಮಸ್ಯೆ ನೋಡಲು ಕೇಂದ್ರ ನೇಮಿಸಿದ್ದ 2014ರ ಬೆಜ್‌ಬರುವಾ ಸಮಿತಿ ಜನಾಂಗೀಯ ನಿಂದನೆಗೆ ದಂಡಸಂಹಿತೆಯಲ್ಲೇ ಬೇರೆ ಕಲಂ ಬೇಕೆಂದು ಶಿಫಾರಸು ಮಾಡಿದ್ದು ಇಂಥ ಕಂದಕ ಮುಚ್ಚಲು.

ಪಟ್ಟಿ ಆದ ಮೇಲೆ ಇನ್ನೊಂದು ಖಾತೆಯಿಂದ ನಾಲ್ಕು ಕಾಮೆಂಟ್ ಹಾಕಿ ನೋಡಿ: ಬೈಗುಳ ಇದ್ದದ್ದು, ವಿಭಕ್ತಿ ಹತ್ತಿದ ಅದೇ ಬೈಗುಳ, ಸಿದ್ದಲಿಂಗಯ್ಯನವರ ಸಂಕಲನದ ಹೆಸರು, ಮತ್ತು ಚಕ್ಕುಲಿ ಮಾಡುವ ವಿಧಾನ. ಮೊದಲೆರಡು ನಿಂತು ಕೊನೆಯೆರಡು ಹಾದುಹೋಗಬೇಕು. ದೂರು ಕೊಡುವ ಯೋಚನೆ ಇದ್ದರೆ ತಡೆಯಲ್ಲಿ ಸಿಕ್ಕ ಕಾಮೆಂಟನ್ನು ಅಳಿಸುವ ಮೊದಲು ಲಿಂಕ್, ತಾರೀಖು, ಖಾತೆಯ ಹೆಸರು ಕಾಣುವ ಸ್ಕ್ರೀನ್‌ಶಾಟ್ ತೆಗೆದಿಡಿ. ಕೋರ್ಟಿನಲ್ಲಿ ಅದಕ್ಕೆ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರ ಬೇಕಾಗುತ್ತದೆ. ಯಾವ ಫೋನಿನಲ್ಲಿ ತೆಗೆದಿರಿ ಎಂಬುದನ್ನೂ ಅಂದೇ ಬರೆದಿಟ್ಟುಕೊಳ್ಳಿ.