ಟೈಪ್ ಹೊಂದದ ಕ್ವೆರಿ: ಮೂರು ಡೇಟಾಬೇಸ್‌ಗಳಲ್ಲಿ ಹಾಕಿ ನೋಡಿದ್ದು

ಇಂಡೆಕ್ಸ್ (ಸಾಲುಗಳನ್ನು ಬೇಗ ಹುಡುಕಲು ಡೇಟಾಬೇಸ್ ಇಟ್ಟುಕೊಳ್ಳುವ ಸೂಚಿ) ಇದ್ದೂ ಕ್ವೆರಿ, ಅಂದರೆ ಡೇಟಾ ಹುಡುಕುವ ಆಜ್ಞೆ, ತೆವಳುತ್ತಿದ್ದರೆ ನಾನು ಮೊದಲು ನೋಡುವುದು ಕಾಲಂನ ಟೈಪೂ (ಪಠ್ಯವೋ ಸಂಖ್ಯೆಯೋ ಎಂಬುದು) ಹುಡುಕುವ ವ್ಯಾಲ್ಯೂನ ಟೈಪೂ ಒಂದೇನಾ ಅಂತ. ಈ ತೊಂದರೆ ಎಲ್ಲಿ ಬೇಗ ಸಿಕ್ಕಿಬೀಳುತ್ತದೆ ಎಂದು ತಿಳಿಯಲು ಒಂದೇ ಟೇಬಲ್ಲನ್ನು ಮೂರು ಕಡೆ ಹಾಕಿ ನೋಡಿದೆ. ಗ್ರಾಹಕ ಸಂಖ್ಯೆ ವಾರ್ಚಾರ್, ಅಂದರೆ ಪಠ್ಯದ, ಕಾಲಂ, ಅದರ ಮೇಲೆ ಇಂಡೆಕ್ಸ್. ಸಂಖ್ಯೆಯ ಆರಂಭದ ಸೊನ್ನೆಗಳು ಉಳಿಯಬೇಕಲ್ವಾ, ಅದಕ್ಕೇ ವಾರ್ಚಾರ್.

ಮೈಎಸ್‌ಕ್ಯೂಎಲ್‌ನಲ್ಲಿ ಕೋಟ್ಸ್ ಇಲ್ಲದೆ 4512 ಎಂದು ಹುಡುಕಿದರೆ ಅದು ತಕರಾರೇ ಮಾಡುವುದಿಲ್ಲ. ಎರಡೂ ಕಡೆಯನ್ನು ಫ್ಲೋಟಿಂಗ್ ಪಾಯಿಂಟ್ (ದಶಮಾಂಶ) ಸಂಖ್ಯೆ ಮಾಡಿ ಹೋಲಿಸುತ್ತದೆ. ಆಗ '4512', '004512', '4512ಎ' ಮೂರೂ ಒಂದೇ ಆಗಿಬಿಡುತ್ತವೆ. ಇಂಡೆಕ್ಸ್‌ನಲ್ಲಿ ಇವು ಬೇರೆ ಬೇರೆ ಕಡೆ ಇರುವುದರಿಂದ ಟೇಬಲ್ ಪೂರ್ತಿ ಓದಲೇಬೇಕು. ನಿಧಾನವಾಗುವುದು ಹಾಗಿರಲಿ, ಬೇರೆ ಗ್ರಾಹಕರ ಸಾಲೂ ಬರುತ್ತದಲ್ಲ, ನನಗೆ ಭಯ ಅದರದ್ದೇ. ಎಕ್ಸ್‌ಪ್ಲೇನ್ (ಕ್ವೆರಿ ಹೇಗೆ ನಡೆಯುತ್ತದೆಂಬ ಪ್ಲಾನ್ ತೋರಿಸುವ ಆಜ್ಞೆ) ಹಾಕಿದರೆ ಪಾಸಿಬಲ್ ಕೀಸ್‌ನಲ್ಲಿ ಇಂಡೆಕ್ಸ್ ಹೆಸರಿರುತ್ತದೆ, ಕೀ ಜಾಗದಲ್ಲಿ ನಲ್, ಅಂದರೆ ಅದನ್ನು ಬಳಸುತ್ತಿಲ್ಲ. ಅದರ ಬೆನ್ನಿಗೇ ಶೋ ವಾರ್ನಿಂಗ್ಸ್ ಕೊಡಿ: 1739ನೇ ವಾರ್ನಿಂಗ್ ಕಾರಣವನ್ನೇ ಹೇಳುತ್ತದೆ. ಇಂಟ್ (ಪೂರ್ಣಾಂಕ) ಕಾಲಂಗೆ ಕೋಟ್ಸ್ ಹಾಕಿದ ಸಂಖ್ಯೆ ಕೊಟ್ಟರೆ ಮಾತ್ರ ಏನೂ ತೊಂದರೆ ಇಲ್ಲ.

ಪೋಸ್ಟ್‌ಗ್ರೆಸ್ ಇದೇ ಕ್ವೆರಿಗೆ ನೇರವಾಗಿ ಎರರ್ ಕೊಟ್ಟು ನಿಲ್ಲಿಸುತ್ತದೆ. 2008ರ 8.3 ಆವೃತ್ತಿಯಿಂದ ಹೀಗೆ. ನನಗೆ ಇದೇ ಇಷ್ಟ. ಆದರೂ ಕಣ್ಣುಮುಚ್ಚಿ ನಂಬುವ ಹಾಗಿಲ್ಲ. ಬಿಗ್‌ಇಂಟ್ (ದೊಡ್ಡ ಪೂರ್ಣಾಂಕ) ಕಾಲಂಗೆ ಹೋಲಿಸಲು ಜಾವಾದಿಂದ ಬಿಗ್‌ಡೆಸಿಮಲ್ (ದಶಮಾಂಶ ಸಂಖ್ಯೆ) ಹೋದರೆ ಹೋಲಿಸುವಾಗ ಕಾಲಂ ಸದ್ದಿಲ್ಲದೆ ನ್ಯೂಮರಿಕ್ ಆಗುತ್ತದೆ, ಟೇಬಲ್ ಪೂರ್ತಿ ಓದುವ ಸೀಕ್ವೆನ್ಷಿಯಲ್ ಸ್ಕ್ಯಾನ್ ಶುರುವಾಗುತ್ತದೆ. ಪ್ಲಾನ್‌ನ ಫಿಲ್ಟರ್ ಸಾಲಿನಲ್ಲಿ ಕಾಲಂ ಹೆಸರಿನ ಪಕ್ಕ '::ನ್ಯೂಮರಿಕ್' ಕಂಡರೆ ಅದೇ ಕಾರಣ.

ಎಸ್‌ಕ್ಯೂಎಲ್ ಸರ್ವರ್‌ನಲ್ಲಿ ಕ್ವೆರಿ ನೋಡಲು ಸರಿಯಾಗಿಯೇ ಇರುತ್ತದೆ. ಜಾವಾವನ್ನು ಡೇಟಾಬೇಸ್‌ಗೆ ಜೋಡಿಸುವ ಜೆಡಿಬಿಸಿ ಡ್ರೈವರ್ ಸ್ಟ್ರಿಂಗ್‌ಗಳನ್ನೆಲ್ಲ ಸುಮ್ನೆ ಎನ್‌ವಾರ್ಚಾರ್ (ಯೂನಿಕೋಡ್ ಪಠ್ಯ) ಆಗಿ ಕಳಿಸುತ್ತದೆ, ಆಗ ಹೋಲಿಸಲು ವಾರ್ಚಾರ್ ಕಾಲಂ ಆ ಟೈಪ್‌ಗೆ ಬದಲಾಗಬೇಕಾಗುತ್ತದೆ. ಹಳೆಯ ಎಸ್‌ಕ್ಯೂಎಲ್ ಕೊಲೇಷನ್ (ಪಠ್ಯವನ್ನು ಹೋಲಿಸುವ, ವಿಂಗಡಿಸುವ ನಿಯಮ) ಇದ್ದರೆ ಪೂರ್ತಿ ಸ್ಕ್ಯಾನ್. ವಿಂಡೋಸ್ ಕೊಲೇಷನ್ ಇದ್ದರೆ ಇಂಡೆಕ್ಸ್ ಬಳಸಿ ಹುಡುಕುವ ಸೀಕ್ ಆದರೂ ಸಿಗಬಹುದು. ಪ್ಲಾನ್‌ನಲ್ಲಿ 'ಕನ್ವರ್ಟ್ ಇಂಪ್ಲಿಸಿಟ್' ಹುಡುಕಿ, ಹಳದಿ ತ್ರಿಕೋನವನ್ನೂ ಗಮನಿಸಿ.

ರಿಪೇರಿಗೆ ಫಂಕ್ಷನಲ್ ಇಂಡೆಕ್ಸ್ (ಕಾಲಂ ಬದಲು ಒಂದು ಎಕ್ಸ್‌ಪ್ರೆಷನ್‌ನ ಫಲಿತಾಂಶದ ಮೇಲಿನ ಇಂಡೆಕ್ಸ್) ಹಾಕೋಣ ಅನ್ನುವವರು ಜಾಸ್ತಿ. ಮೈಎಸ್‌ಕ್ಯೂಎಲ್‌ನಲ್ಲಿ ಅದು ಕೆಲಸ ಮಾಡಲು ಕ್ವೆರಿಯಲ್ಲೂ ಅದೇ ಎಕ್ಸ್‌ಪ್ರೆಷನ್ ಬರೆಯಬೇಕು. ಹೇಗೂ ಕ್ವೆರಿ ಮುಟ್ಟುತ್ತೀರಿ, ಕೋಟ್ಸ್ ಹಾಕಿದರೆ ಮುಗಿಯಿತಲ್ಲ! ಕಾಲಂ ಅನ್ನೇ ಇಂಟ್ ಮಾಡಿದರೆ ಸೊನ್ನೆಗಳು ಹೋಗುತ್ತವೆ. ವ್ಯಾಲ್ಯೂ ಕಳಿಸುವ ಕಡೆ ಸರಿಮಾಡುವುದೇ ಮೇಲು.

ಎಸ್‌ಕ್ಯೂಎಲ್ ಸರ್ವರ್‌ಗಾದರೆ ಕನೆಕ್ಷನ್ ಸ್ಟ್ರಿಂಗ್‌ನಲ್ಲಿ 'ಸೆಂಡ್‌ಸ್ಟ್ರಿಂಗ್‌ಪ್ಯಾರಾಮೀಟರ್ಸ್‌ಆಸ್‌ಯೂನಿಕೋಡ್' ಅನ್ನು ಫಾಲ್ಸ್ ಮಾಡಬಹುದು. ಆದರೆ ಅದೇ ಆ್ಯಪ್‌ನಲ್ಲಿ ಕನ್ನಡದ ಹೆಸರು, ವಿಳಾಸ ಉಳಿಸುತ್ತಿದ್ದರೆ ಅವೆಲ್ಲ ಪ್ರಶ್ನಾರ್ಥಕ ಚಿಹ್ನೆಗಳಾಗಿಬಿಡುತ್ತವೆ. ಆ ಕಾಲಂಗಳಿಗೆ ಪಠ್ಯವನ್ನು ಯೂನಿಕೋಡ್ ಆಗಿಯೇ ಕಳಿಸುವ 'ಸೆಟ್‌ಎನ್‌ಸ್ಟ್ರಿಂಗ್' ಬಳಸಿದ ಮೇಲೇ ಇದನ್ನು ಬದಲಿಸಿ.